ಹುರಿ ಹಾಕಿದ ಸರಳು

ಬಾಡಿಗೆ ಮನೆ ನೋಡಲು ಹೋದವರು ಮೊದಲು ನಲ್ಲಿ ತಿರುಗಿಸಿ ನೀರು ಬರುತ್ತದೆಯೇ ಎಂದು ನೋಡುತ್ತಾರೆ. ನಮ್ಮ ಯಜಮಾನರೂ ಹಾಗೆಯೇ. ನಾನು ಮಾತ್ರ ಕಿಟಕಿ ನೋಡುತ್ತೇನೆ. ಸರ್ಕಾರಿ ಶಾಲೆಯ ನೌಕರಿ ಎಂದ ಮೇಲೆ ವರ್ಗ ತಪ್ಪಿದ್ದಲ್ಲ. ಇಪ್ಪತ್ತೆಂಟು ವರ್ಷಗಳಲ್ಲಿ ಎಷ್ಟು ಕಿಟಕಿಗಳ ಪಕ್ಕ ಕುಳಿತು ಉತ್ತರಪತ್ರಿಕೆ ತಿದ್ದಿದ್ದೇನೋ, ಪತ್ರಿಕೆಗಳು ಮರೆತುಹೋಗಿವೆ, ಸರಳುಗಳು ನೆನಪಿವೆ. ಅರಕಲಗೂಡಿನ ಮನೆಯಲ್ಲಿದ್ದದ್ದು ಹಳೆಯ ಮರದ ಚೌಕಟ್ಟಿಗೆ ತೂರಿಸಿದ ದುಂಡು ಸರಳು. ಮಳೆಗಾಲದಲ್ಲಿ ಮುಟ್ಟಿದರೆ ಕೈಗೆಲ್ಲ ತುಕ್ಕು. ಚನ್ನರಾಯಪಟ್ಟಣದಲ್ಲಿ ಕಬ್ಬಿಣದ ಪಟ್ಟಿ ಬಗ್ಗಿಸಿ ಮಾಡಿದ ನವಿಲು. ಆ ನವಿಲಿನ ಒಂದು ಕಾಲು ಬೆಸುಗೆ ಬಿಟ್ಟು ಅಲ್ಲಾಡುತ್ತಿತ್ತು. ಮನೆ ಬಿಡುವವರೆಗೂ ಮಾಲೀಕರು ಅದಕ್ಕೆ ಕಾಲು ಕೊಡಿಸಲಿಲ್ಲ. ಹೊಳೆನರಸೀಪುರದ ಮನೆಯದು ಹುರಿ ಹಾಕಿದ ಸರಳು.

ಹುರಿ ಎಂಬ ಮಾತು ಆ ಮನೆಯ ಯಜಮಾನಿ ಅಜ್ಜಿಯದು. ಅಂಗಡಿಯವರು ‘ಟ್ವಿಸ್ಟ್ ರಾಡ್’ ಎನ್ನುತ್ತಾರೆ. ಚೌಕನೆಯ ಸರಳನ್ನು ಎರಡು ತುದಿ ಹಾಗೆಯೇ ಬಿಟ್ಟು ನಡುವಿನ ಎರಡಡಿಯನ್ನು ತಿರುಚಿರುತ್ತಾರೆ. ಕಿಟಕಿಯ ಎಡ ಅರ್ಧದವು ಎಡಕ್ಕೆ ತಿರುಚಿದ್ದು, ಬಲ ಅರ್ಧದವು ಬಲಕ್ಕೆ. ಶಾಲೆಗೆ ಹೊರಟ ಹುಡುಗಿಯ ಎರಡು ಜಡೆ ಇದ್ದ ಹಾಗೆ. ಬೆಳಗಿನ ಬಿಸಿಲು ಬಿದ್ದರೆ ಅಂಚುಗಳು ಒಂದೊಂದಾಗಿ ಹೊಳೆಯುತ್ತವೆ, ನೆಲದ ಮೇಲೆ ನೆರಳು ಡೊಂಕು ಡೊಂಕಾಗಿ ಮಲಗುತ್ತದೆ. ಚೆಲುವು ಹೇಳಿದ ಮೇಲೆ ಕಷ್ಟವನ್ನೂ ಹೇಳಬೇಕು. ದುಂಡು ಸರಳನ್ನು ಹಳೇ ಬನಿಯನ್ ಬಟ್ಟೆಯಿಂದ ಒಂದೇ ಎಳೆತಕ್ಕೆ ಒರೆಸಬಹುದು. ಹುರಿಯ ಸಂದುಗಳಲ್ಲಿ ಕುಳಿತ ಧೂಳಿಗೆ ಬೆರಳೇ ಬೇಕು. ಈ ವಿನ್ಯಾಸ ಕಂಡುಹಿಡಿದವನು ಎಂದೂ ಹಬ್ಬದ ಹಿಂದಿನ ದಿನ ಮನೆ ಒರೆಸಿದವನಲ್ಲ. ಆದರೂ ನನಗೆ ಅದೇ ಇಷ್ಟ.

2024ರಲ್ಲಿ ಹಾಸನದಲ್ಲಿ ನಮ್ಮದೇ ಮನೆ ಎದ್ದಿತು. ಸಾಲದ ಮನೆ ಎನ್ನಿ. ಟೈಲ್ಸು, ಬಣ್ಣ, ಸಿಂಕು ಎಲ್ಲದರಲ್ಲೂ ಯಜಮಾನರ ಮಾತಿಗೆ ಬಿಟ್ಟೆ. ಕಿಟಕಿ ಮಾತ್ರ ನನ್ನದು ಎಂದೆ. ಹಾಸನದಲ್ಲಿ ವಿಚಾರಿಸಿದ ಎರಡು ಮೂರು ಕಡೆಯೂ ಒಂದೇ ಉತ್ತರ: “ಅದು ಹಳೇ ಡಿಸೈನು ಮೇಡಂ, ಈಗ ತಗಡು ಕಟ್ ಮಾಡಿರೋ ಗ್ರಿಲ್ ಬತ್ತದೆ. ಟ್ವಿಸ್ಟೇ ಬೇಕು ಅಂದ್ರೆ ರೆಡಿ ಬಂದಿರ್ತದೆ, ತಂದು ಬೆಸ್ಕೊಡ್ತೀವಿ.” ಯಂತ್ರ ತಿರುಚಿದ್ದು ಕೆಟ್ಟದ್ದೇನಲ್ಲ, ಒಂದು ಇನ್ನೊಂದರಂತೆಯೇ ಇರುತ್ತದೆ. ಆದರೆ ಅವರು ತೋರಿಸಿದ್ದೆಲ್ಲ ಒಂದೇ ಕಡೆಗೆ ತಿರುಗಿದವು. ನನಗೆ ಎರಡು ಜಡೆ ಬೇಕಾಗಿತ್ತು.

ಆಗ ನೆನಪಾದವನು ಹೊಳೆನರಸೀಪುರದ ನನ್ನ ಹಳೆಯ ವಿದ್ಯಾರ್ಥಿ. ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷ್ ಅವನನ್ನು ಬಿಟ್ಟಿತೋ ಅವನು ಇಂಗ್ಲಿಷನ್ನು ಬಿಟ್ಟನೋ, ಅಂತೂ ಅಲ್ಲಿಗೆ ಓದು ನಿಂತಿತ್ತು. ತಾತ, ಅಪ್ಪ ಕುಲುಮೆ ನಡೆಸಿದವರು. ಗಾಡಿಗಳಿಗೆ ರಬ್ಬರ್ ಟೈರು ಬಂದು, ಗುದ್ದಲಿ ಕುಡುಗೋಲು ಅಂಗಡಿಗೆ ಸಿದ್ಧವಾಗಿ ಬರತೊಡಗಿದ ಮೇಲೆ ಕುಲುಮೆ ಆರಿತು. ಇವನು ಅದೇ ಜಾಗದಲ್ಲಿ ತಗಡಿನ ಮಾಡು ಹಾಕಿ ವೆಲ್ಡಿಂಗ್ ಅಂಗಡಿ ಮಾಡಿಕೊಂಡಿದ್ದ. ನಾನು ಬಸ್ಸಿಳಿದು ಹೋದಾಗ ಕರಿಗಾಜಿನ ಮುಖವಾಡ ಎತ್ತಿ ನೋಡಿ, “ಮಿಸ್, ನೀವ್ಯಾಕೆ ಇಲ್ಲೀಗಂಟ ಬಂದ್ರಿ, ಫೋನ್ ಮಾಡಿದ್ರೆ ನಾನೇ ಬರ್ತಿರ್ಲಿಲ್ವಾ” ಎಂದ. ಕಿಟಕಿಯ ಚಿತ್ರ ಬರೆದು ತೋರಿಸಿದೆ. ಏಳು ಕಿಟಕಿ, ಒಂದೊಂದಕ್ಕೆ ಎಂಟು ಸರಳು, ನಾಲ್ಕು ಎಡಕ್ಕೆ, ನಾಲ್ಕು ಬಲಕ್ಕೆ. ಅವನು ಒಳಗೆ ತಿರುಗಿ, “ನೋಡಮ್ಮಿ, ಐವತ್ತಾರು ಐತೆ, ಆಯ್ತದಾ?” ಎಂದು ಕೂಗಿದ. ಒಳಗಿಂದ ಹೆಣ್ಣು ದನಿ, “ಹತ್ತರದಾ, ಹನ್ನೆರಡರದಾ?” ಎಂದಿತು.

ಹತ್ತು ಎಂದರೆ ಹತ್ತು ಮಿಲಿಮೀಟರಿನ ಚೌಕ ಸರಳು. ಕೇಳಿದವಳು ಅವನ ಹೆಂಡತಿ.

ಮುಂದಿನ ಶನಿವಾರ ಬೆಳಗಿನ ಶಾಲೆ ಮುಗಿಸಿ ಮತ್ತೆ ಹೋದೆ. ಅಳತೆ ನೋಡುವುದು ನೆಪ, ಕೆಲಸ ನೋಡಬೇಕಾಗಿತ್ತು. ಅಂಗಡಿಯ ಮುಂಭಾಗದಲ್ಲಿ ಅವನ ಕಿಡಿ, ಹೊಗೆ, ಸದ್ದು. ಹಿಂಭಾಗದಲ್ಲಿ, ಮನೆಯ ಹಿತ್ತಿಲಿಗೆ ಸೇರಿದಂತೆ, ಒಂದು ದಪ್ಪ ಮರದ ದಿಮ್ಮಿಗೆ ಬಿಗಿದ ವೈಸು. ಆಕೆ ಸೀರೆಯ ಮೇಲೆ ಗಂಡನ ಹಳೆಯ ಅಂಗಿ ತೊಟ್ಟು, ಸೆರಗನ್ನು ಅದರೊಳಗೆ ಸೇರಿಸಿ, ಸೊಂಟಕ್ಕೆ ಟವೆಲು ಬಿಗಿದು ನಿಂತಿದ್ದಳು. ಸರಳಿನ ಒಂದು ಕಡೆಯನ್ನು ಸೀಮೆಸುಣ್ಣದ ಗುರುತಿನವರೆಗೆ ವೈಸಿನ ಬಾಯಿಗೆ ಕೊಟ್ಟು ಬಿಗಿದಳು. ಒಂದು ತುಂಡು ನೀರಿನ ಪೈಪನ್ನು ಸರಳಿಗೆ ತೊಡಿಸಿದಳು. ಇದೇಕೆ ಎಂದರೆ, “ಇಲ್ದಿದ್ರೆ ತಿರುಗ್ತಾ ತಿರುಗ್ತಾ ನಡುವಲ್ಲಿ ಬಿಲ್ಲಿನಂಗೆ ಬಗ್ಗೋಯ್ತದೆ ಮೇಡಂ” ಎಂದಳು. ಮತ್ತೊಂದು ಗುರುತಿಗೆ ಹಿಡಿಕೆ ಸೇರಿಸಿದಳು. ಈ ಹಿಡಿಕೆ ಎಲ್ಲೂ ಕೊಂಡದ್ದಲ್ಲ. ನಡುವೆ ಚೌಕ ತೂತಿರುವ ಕಬ್ಬಿಣದ ಗಟ್ಟಿ, ಅದರ ಆಚೀಚೆ ಒಂದೊಂದು ಅಡಿಯ ಎರಡು ಕೈ, ಅಷ್ಟೇ. ಮಾವನವರು ಕುಲುಮೆಯ ಕಾಲದಲ್ಲಿ ಮಾಡಿಟ್ಟದ್ದಂತೆ.

ಆಮೇಲೆ ಬೀಸುವ ಕಲ್ಲಿನ ಹಾಗೆ ಎಂದುಕೊಂಡರೆ ಹಾಗಲ್ಲ. ಬೀಸುವ ಕಲ್ಲು ಒಮ್ಮೆ ತಿರುಗಿದರೆ ತನ್ನ ಓಟದಲ್ಲಿ ಒಂದಿಷ್ಟು ತಾನೇ ಬರುತ್ತದೆ. ಸರಳು ಏನನ್ನೂ ತಾನಾಗಿ ಕೊಡುವುದಿಲ್ಲ. ಒಂದು ಕೈ ಮೇಲಿಂದ ಒತ್ತಬೇಕು, ಇನ್ನೊಂದು ಕೆಳಗಿಂದ ಎತ್ತಬೇಕು, ಅರ್ಧ ಸುತ್ತಿಗೆ ಕೈ ಬದಲಿಸಬೇಕು, ಬದಲಿಸುವಾಗ ಬಿಡಬಾರದು. ಒಂದು ಸುತ್ತು ಎಂದರೆ ಮೂರು ಅಂಗುಲದ ಹುರಿ. ಎರಡಡಿಗೆ ಎಂಟು ಸುತ್ತು. ಎರಡನೆಯ ಸುತ್ತಿಗೆ ಸರಳಿನ ಮೈಮೇಲಿನ ಕಪ್ಪು ಹೊಟ್ಟು ಸಿಡಿದು ಉದುರತೊಡಗುತ್ತದೆ, ಒಳಗಿನ ಬೂದುಬಣ್ಣ ಕಾಣುತ್ತದೆ. “ಮೊದ್ಲು ಸುಲಭ ಇರ್ತದೆ, ಹೋಗ್ತಾ ಹೋಗ್ತಾ ಗಟ್ಟಿ ಆಯ್ತದೆ” ಎಂದಳು. ಎಂಟನೆಯ ಸುತ್ತು ಮುಗಿದ ಮೇಲೆ ನಿಲ್ಲಿಸಲಿಲ್ಲ. ಹಿಡಿಕೆಯ ತುದಿಯನ್ನು ಇನ್ನೂ ನಾಲ್ಕು ಬೆರಳಷ್ಟು ಮುಂದಕ್ಕೆ ಒತ್ತಿ, ಆಮೇಲೆ ಕೈ ಸಡಿಲಿಸಿದಳು. ಹಿಡಿಕೆ ಆ ನಾಲ್ಕು ಬೆರಳು ಹಿಂದಕ್ಕೆ ಬಂದು ಸರಿಯಾಗಿ ನೆಟ್ಟಗೆ ನಿಂತಿತು. ಕಬ್ಬಿಣ ಕೊಂಚ ಹಿಂದೆ ಸರಿಯುತ್ತದೆಂದು ಲೆಕ್ಕ ಇಟ್ಟೇ ತಿರುಚುವುದು. ಸರಳು ಮುಟ್ಟಿ ನೋಡಿ ಎಂದಳು. ಮುಟ್ಟಿದೆ. ಎಳೆ ಮಗುವಿನ ಹಣೆಯ ಹಾಗೆ ಬೆಚ್ಚಗಿತ್ತು. ಬೆಂಕಿ ಇಲ್ಲ, ಕರೆಂಟಿಲ್ಲ. ಅವಳ ತೋಳಿನಿಂದ ಹೋದದ್ದೇ ಅಲ್ಲಿ ಬೆಚ್ಚಗಾಗಿ ಕುಳಿತಿತ್ತು.

ನಾನೂ ಒಂದು ಸುತ್ತು ತಿರುಗಿಸುತ್ತೇನೆಂದೆ. ಅರ್ಧಕ್ಕೆ ಬಳೆ ಮೊಣಕೈ ಮುಟ್ಟಿ, ಉಸಿರು ಬಾಯಿಗೆ ಬಂದು, ಇನ್ನರ್ಧವನ್ನು ಆಕೆ ಕೈಗೂಡಿಸಿ ಮುಗಿಸಬೇಕಾಯಿತು. ಆಮೇಲೆ ನಮ್ಮ ಶಾಲೆಯ ವಿಜ್ಞಾನದ ಮೇಷ್ಟ್ರನ್ನು ಕೇಳಿದೆ. ಅವರು ಕಾಗದದ ಮೇಲೆ ಲೆಕ್ಕ ಹಾಕಿ, ಆ ಉದ್ದದ ಹಿಡಿಕೆಗೆ ಹತ್ತರ ಸರಳಾದರೆ ಒಂದೊಂದು ಕೈಗೂ ಸುಮಾರು ಎಂಟು ಕಿಲೋ ಭಾರ ಬೀಳುತ್ತದೆ ಎಂದರು. ಹದಿನಾರರ ಸರಳಾದರೆ ಅದರ ನಾಲ್ಕು ಪಟ್ಟು. ಸರಳಿನ ಅಗಲ ಒಂದೂವರೆ ಪಟ್ಟಾದರೆ ತಿರುಚುವ ಕಷ್ಟ ಮೂರು ಪಟ್ಟಿಗಿಂತ ಹೆಚ್ಚಾಗುತ್ತದಂತೆ. “ಹತ್ತರದಾ, ಹನ್ನೆರಡರದಾ” ಎಂದು ಆಕೆ ಮೊದಲೇ ಕೇಳಿದ್ದು ಯಾಕೆಂದು ಆ ಕಾಗದ ಹೇಳಿತು. ನನ್ನ ಐವತ್ತಾರು ಸರಳಿಗೆ ಎಂಟೆಂಟರಂತೆ ಸುತ್ತು ಎಷ್ಟಾಯಿತು? 448. ಸುತ್ತಿಗೆ ಎರಡು ಸಲ ಕೈ ಬದಲು. ಇದನ್ನು ಆಕೆ ಮಗಳನ್ನು ಶಾಲೆಗೆ ಕಳಿಸಿ, ಸಾರಿಗಿಟ್ಟು, ಮಗಳು ವಾಪಸು ಬರುವುದರೊಳಗೆ ಮಾಡುತ್ತಿದ್ದಳು. ಕರೆಂಟು ಹೋದರೆ ಗಂಡನ ಕೆಲಸ ನಿಲ್ಲುತ್ತಿತ್ತು, ಇವಳದು ನಿಲ್ಲುತ್ತಿರಲಿಲ್ಲ.

ನಾನು ಕನ್ನಡ ಪಾಠ ಮಾಡುವವಳು. ತರಗತಿಯಲ್ಲಿ ಹುರಿ ಎಂದರೇನು ಎಂದು ಕೇಳಿದರೆ ಮಕ್ಕಳು ಒಕ್ಕೊರಲಿನಿಂದ “ಕಡಲೆಕಾಯಿ ಹುರಿಯೋದು ಮಿಸ್” ಎನ್ನುತ್ತಾರೆ. ಹೊಸೆದ ಹಗ್ಗದ ಹುರಿಯನ್ನು ಅವರು ನೋಡಿಯೇ ಇಲ್ಲ. ನಮ್ಮ ಭಾಷೆಯಲ್ಲಿ ಹುರಿ ಎಂದರೆ ಹೊಸೆದ ಎಳೆಯೂ ಹೌದು, ಬಲವೂ ಹೌದು. ಹುರಿಗಟ್ಟಿದ ತೋಳು ಎನ್ನುತ್ತೇವೆ, ಸೈನ್ಯವನ್ನು ಹುರಿಗೊಳಿಸಿದ ಎನ್ನುತ್ತೇವೆ. ಚನ್ನರಾಯಪಟ್ಟಣದ ಕಡೆ ತೆಂಗು ಹೆಚ್ಚು. ಅಲ್ಲಿದ್ದಾಗ ಪಕ್ಕದ ಮನೆಯವರು ಜಗಲಿಯಲ್ಲಿ ಕುಳಿತು ನಾರು ಹೊಸೆಯುವುದನ್ನು ನೋಡುತ್ತಿದ್ದೆ. ಎರಡು ಎಳೆಯನ್ನು ಒಂದು ಕಡೆಗೆ ಹೊಸೆದು, ಎರಡನ್ನೂ ಸೇರಿಸುವಾಗ ಎದುರು ಕಡೆಗೆ ಹೊಸೆಯಬೇಕು. ಬಿಚ್ಚಿಕೊಳ್ಳಲು ನೋಡುವ ಎರಡು ಎಳೆ ಒಂದನ್ನೊಂದು ಬಿಗಿ ಮಾಡುತ್ತವೆ. ದೇವರ ಮುಂದಿನ ಬತ್ತಿ ಹೊಸೆಯುವ ನಮಗೆಲ್ಲ ಕೈಗೆ ಗೊತ್ತಿರುವ ವಿದ್ಯೆಯೇ. ಸರಳಿನ ಕತೆ ಬೇರೆ. ಅದು ಒಂಟಿ, ಜೊತೆಯ ಎಳೆ ಇಲ್ಲ. ಮೈಯ ಹೊರಗಿನ ಪದರ ಹಿಗ್ಗಿ, ಮತ್ತೆ ಹಿಂದಿರುಗಲಾರದಷ್ಟು ದೂರ ಹೋಗಿ, ಅಲ್ಲೇ ಗಟ್ಟಿಯಾಗುತ್ತದೆ. ಹಾಗಾಗಿ ಕಟ್ಟಿ ಹಿಡಿಯದಿದ್ದರೂ ಅದರ ಹುರಿ ಬಿಚ್ಚುವುದಿಲ್ಲ.

ಇದು ಬರೀ ಅಂದಕ್ಕೆ ಇರುವ ಸಂಗತಿಯೂ ಅಲ್ಲ. ನಮ್ಮ ಮನೆಗೆ ತಾರಸಿ ಹಾಕುವಾಗ ಮೇಸ್ತ್ರಿ, “ಒಳ್ಳೇ ಟಾರ್ ಸ್ಟೀಲೇ ಹಾಕಿದೀವಿ ಮೇಡಂ” ಎಂದ. ಹಾಕಿದ್ದು ಟಿ.ಎಂ.ಟಿ. ಸರಳು. ಟಾರ್ ಎಂಬ ಹೆಸರು ಹಳೆಯದು. 1960ರ ದಶಕದಿಂದ ನಮ್ಮ ದೇಶದ ಕಾಂಕ್ರೀಟಿಗೆ ಬಂದ, ತಣ್ಣಗಿದ್ದಾಗಲೇ ತಿರುಚಿದ ಸರಳಿನದು. ಸಾಧಾರಣ ಉಕ್ಕು ಚದರ ಮಿಲಿಮೀಟರಿಗೆ 250 ನ್ಯೂಟನ್ ಬಲದವರೆಗೆ ಬಗ್ಗದೆ ತಾಳಿದರೆ, ಹೀಗೆ ತಿರುಚಿ ಸಿದ್ಧಪಡಿಸಿದ್ದಕ್ಕೆ 415 ಎಂದು ಲೆಕ್ಕ. ಆಮೇಲೆ, ಬಿಸಿ ಸರಳಿನ ಮೇಲೆ ನೀರು ಹಾಯಿಸಿ ಗಟ್ಟಿ ಮಾಡುವ ಟಿ.ಎಂ.ಟಿ. ಬಂದು ತಿರುಚಿದ್ದು ಹಿಂದೆ ಸರಿಯಿತು. ಹೆಸರು ಮಾತ್ರ ಮೇಸ್ತ್ರಿಗಳ ಬಾಯಲ್ಲಿ ಉಳಿದಿದೆ. ಕಾರ್ಖಾನೆಯಲ್ಲಿ ಯಂತ್ರ ಮಾಡುತ್ತಿದ್ದದ್ದನ್ನೇ ಹಿತ್ತಿಲಿನ ದಿಮ್ಮಿಯ ಮೇಲೆ ಆಕೆ ಎರಡು ಕೈಯಲ್ಲಿ ಮಾಡುತ್ತಿದ್ದಳು.

ಗ್ರಿಲ್ಲು ಸಿದ್ಧವಾಯಿತು. ರೆಡ್ ಆಕ್ಸೈಡ್ ಹೊಡೆದು ಲಗೇಜು ಆಟೋದಲ್ಲಿ ಹಾಸನಕ್ಕೆ ಕಳಿಸಿದ. ಬಿಲ್ಲು ಕೊಟ್ಟ. ಕಬ್ಬಿಣ ಇಷ್ಟು ಕೆಜಿ, ಕಟಿಂಗು, ವೆಲ್ಡಿಂಗು, ಬಣ್ಣ, ಬಾಡಿಗೆ. ಎರಡು ಸಲ ಓದಿದೆ.

“ತಿರುಚಿದ್ದಕ್ಕೆ ಎಲ್ಲೋ ಹಾಕಿದ್ದೀಯ?” ಎಂದೆ.

“ಅದು ಮನೆಯೋರೇ ಮಾಡೋದಲ್ವಾ ಮಿಸ್” ಎಂದು ನಕ್ಕ.

ಹುಡುಗ ಕೆಟ್ಟವನಲ್ಲ. ಹೆಂಡತಿಯನ್ನು ಗದರಿದ್ದು ನಾನು ಕಂಡಿಲ್ಲ. ಅವನ ಮಟ್ಟಿಗೆ ಅದು ಲೆಕ್ಕಕ್ಕೆ ಬರುವ ವಸ್ತುವೇ ಅಲ್ಲ, ಅನ್ನಕ್ಕೆ ಇಟ್ಟ ಹಾಗೆ. ಬಾವಿಯ ನೀರಿಗೆ ದುಡ್ಡು ಯಾರು ಕೇಳುತ್ತಾರೆ? ಬಿಲ್ಲನ್ನು ಅವನ ಮುಂದಿಟ್ಟು, ಚೀಲದಲ್ಲಿದ್ದ ಕೆಂಪು ಪೆನ್ನು ತೆಗೆದು, “ಒಂದು ಸಾಲು ಬಿಟ್ಟಿದೆ, ಬರಿ” ಎಂದೆ. ಹಳೆಯ ಅಭ್ಯಾಸ, ತಲೆ ತಗ್ಗಿಸಿ ಬರೆದ: ಟ್ವಿಸ್ಟ್ ಕೂಲಿ, 56. ಸರಳಿಗೆ ಎಷ್ಟು ಎಂದು ಅವನೇ ಒಳಗೆ ಹೋಗಿ ಕೇಳಿಕೊಂಡು ಬಂದ. ಆಕೆ ಹೇಳಿದ್ದು ತೀರ ಕಡಿಮೆ. ಎರಡರಷ್ಟು ಮಾಡಿ ಆ ಹಣವನ್ನು ಆಕೆಯ ಕೈಗೇ ಕೊಟ್ಟೆ. ನಮ್ಮ ಯಜಮಾನರು ದಾರಿಯುದ್ದಕ್ಕೂ, “ಬಿಲ್ಲು ಕಡಿಮೆ ಮಾಡಿಸೋರನ್ನ ನೋಡಿದೀನಿ, ಹೆಚ್ಚು ಮಾಡಿಸಿದೋರನ್ನ ನೋಡ್ಲಿಲ್ಲ” ಎಂದು ಆಡಿಕೊಂಡರು.

ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಗೆ ಮಕ್ಕಳನ್ನು ಪ್ರವಾಸ ಕರೆದುಕೊಂಡು ಹೋಗಿದ್ದ ದಿನ ಆಗ ನೆನಪಾಯಿತು. ಅಲ್ಲಿನ ಲಕ್ಷ್ಮೀನರಸಿಂಹ ದೇವಾಲಯ 1246ರದು, ಹೊಯ್ಸಳ ಸೋಮೇಶ್ವರನ ಕಾಲದ್ದು. ಗೋಡೆಯ ಮೂರ್ತಿಗಳ ಕೆಳಗೆ ಕೆತ್ತಿದವರ ಹೆಸರುಗಳಿವೆ. ಬೈಚೋಜ ಎಂದು ಒಬ್ಬ, ಮಲ್ಲಿತಮ್ಮ ಎಂದು ಇನ್ನೊಬ್ಬ. ಮಲ್ಲಿತಮ್ಮ ಎಂದರೆ ಹೆಂಗಸಾ ಮಿಸ್ ಎಂದು ಒಬ್ಬ ಹುಡುಗಿ ಕೇಳಿದ್ದಳು. ಅಲ್ಲಮ್ಮ, ಗಂಡಸು, ತಮ್ಮ ಎನ್ನುವ ತಮ್ಮ ಎಂದೆ. ಅವಳ ಮುಖ ಚಿಕ್ಕದಾಯಿತು. ಆ ಕಲ್ಲುಗಳನ್ನು ತಿಕ್ಕಿ ನುಣುಪು ಮಾಡಿದವರು, ಉಳಿಗಳಿಗೆ ಸಾಣೆ ಹಿಡಿಯಲು ನೀರು ಹೊತ್ತವರು ಯಾರೋ ಎಂದು ನಾನು ಅಂದು ಪಾಠದಲ್ಲಿ ಸೇರಿಸಲಿಲ್ಲ, ಪಠ್ಯದಲ್ಲಿ ಅದು ಇರಲಿಲ್ಲ.

ಇದಾಗಿ ತಿಂಗಳೊಪ್ಪತ್ತಿಗೆ ಅವನಿಂದ ಫೋನು. ಪಿ.ಎಂ. ವಿಶ್ವಕರ್ಮ ಯೋಜನೆಗೆ ಅರ್ಜಿ ಹಾಕಬೇಕಂತೆ, ಕಾಗದ ಓದಿ ಹೇಳಬೇಕಂತೆ. ಮೇಷ್ಟರಾದವರಿಗೆ ಊರಿನ ಅರ್ಜಿಗಳೆಲ್ಲ ಬಂಧುಗಳೇ. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಯೋಜನೆ ಅದು. ಹದಿನೆಂಟು ಕಸುಬುಗಳು, ಕಮ್ಮಾರಿಕೆಯೂ ಒಂದು. ಐದರಿಂದ ಏಳು ದಿನದ ತರಬೇತಿ, ದಿನಕ್ಕೆ 500 ರೂಪಾಯಿ; ಸಲಕರಣೆಗೆ 15,000; ಆಮೇಲೆ ಶೇಕಡಾ 5ರ ಬಡ್ಡಿಗೆ ಮೊದಲು ಒಂದು ಲಕ್ಷ, ಅದು ತೀರಿದ ಮೇಲೆ ಎರಡು ಲಕ್ಷದವರೆಗೆ ಸಾಲ. ಇಷ್ಟನ್ನೂ ಓದಿ ಹೇಳಿದೆ. ಕೊನೆಗೆ ಒಂದು ಸಾಲು: ಒಂದು ಕುಟುಂಬದಲ್ಲಿ ಒಬ್ಬರಿಗೆ ಮಾತ್ರ. ಗಂಡ, ಹೆಂಡತಿ, ಮದುವೆಯಾಗದ ಮಕ್ಕಳು ಸೇರಿ ಒಂದು ಕುಟುಂಬ.

“ಹಂಗಾದ್ರೆ ನಂದೇ ಹಾಕಿ ಮಿಸ್” ಎಂದ. ಯಾರೂ ಬೇರೆ ಯೋಚನೆ ಮಾಡಿರಲಿಲ್ಲ. ನಾನು ಅರ್ಹತೆಯ ಸಾಲನ್ನು ಮತ್ತೊಮ್ಮೆ ಗಟ್ಟಿಯಾಗಿ ಓದಿದೆ: ಕೈಯಿಂದ ಮತ್ತು ಕೈಸಲಕರಣೆಗಳಿಂದ ಕೆಲಸ ಮಾಡುವ ಕುಶಲಕರ್ಮಿ. ಓದಿ ಸುಮ್ಮನಾದೆ. ಅಂಗಡಿಯಲ್ಲಿ ಕೈಯಿಂದ ಕೆಲಸ ಮಾಡುವವರು ಯಾರೆಂದು ಎಲ್ಲರಿಗೂ ಗೊತ್ತಿತ್ತು. ಅವನದು ಕರೆಂಟಿನ ಕೆಲಸ. ಅವನು ಕೊಂಚ ಹೊತ್ತು ಬಿಟ್ಟು, “ಬ್ಯಾಂಕಿನೋರು ಅಂಗ್ಡಿ ಲೈಸೆನ್ಸ್ ಯಾರ ಹೆಸ್ರಲ್ಲೈತೆ ಅಂತಾರೆ. ಇವ್ಳು ಹೋಗಿ ಅಲ್ಲಿ ಏನ್ ಮಾತಾಡ್ತಾಳೆ?” ಎಂದ. ಆಕೆ ಮಾತಾಡಲಿಲ್ಲ. ಕಾಫಿ ಲೋಟಗಳನ್ನು ತೆಗೆದುಕೊಂಡು ಒಳಗೆ ಹೋದಳು, ಆದರೆ ಬಾಗಿಲ ಹಿಂದೆಯೇ ನಿಂತಿದ್ದಳು, ಸೆರಗು ಕಾಣುತ್ತಿತ್ತು.

ಮಾತು ತೆಗೆದವರು ಅತ್ತೆ. ಮೂಲೆಯಲ್ಲಿ ಹುಣಸೆ ಬಿಡಿಸುತ್ತಾ ಕುಳಿತಿದ್ದ ಮುದುಕಿ. ಇವರೇ ಅಡ್ಡ ಬರುತ್ತಾರೆ ಎಂದು ನಾನು ಸೆಟೆದು ಕುಳಿತೆ. “ನಾನು ಈ ಮನೆಗೆ ಬಂದಾಗಿಂದ ಕುಲುಮೆ ಆರೋಗಂಟ ತಿದಿ ಒತ್ತಿವ್ನಿ. ಬಸುರೀಲೂ ಒತ್ತಿವ್ನಿ. ಬೆಂಕಿ ಹದ ಕೆಟ್ರೆ ಕುಡ್ಲು ಮುರಿಯೋದು, ಬಯ್ಸ್ಕಳ್ಳೋಳು ನಾನು. ಕುಡ್ಲು ಚೆನ್ನಾಗಿದ್ರೆ ಆಚಾರ್ರ ಕೈ ಚೆನ್ನಾಗೈತೆ ಅನ್ನೋರು” ಎಂದರು. ಹುಣಸೆ ಬೀಜ ಒಂದನ್ನು ಆಚೆಗೆಸೆದು, “ಅವ್ಳ ಹೆಸ್ರೇ ಬರೀರಿ ಮೇಡಂ. ಬ್ಯಾಂಕಿಗೆ ನಾನೂ ಹೋಯ್ತೀನಿ ಜೊತೇಲಿ” ಎಂದರು.

ಮಗ ಒಪ್ಪಿದ ಎನ್ನಲಾರೆ. ಎದ್ದು ಹೋಗಿ ಗ್ರೈಂಡರ್ ಹಾಕಿದ. ಆ ಸದ್ದಿನಲ್ಲಿ ಮುಂದೆ ಯಾರೂ ಮಾತಾಡುವ ಹಾಗಿರಲಿಲ್ಲ.

ಅರ್ಜಿ ಹಾಕುವುದು ಸಿ.ಎಸ್.ಸಿ. ಕೇಂದ್ರದಲ್ಲಿ, ಬೆರಳಚ್ಚು ಕೊಟ್ಟು. ಆಕೆಯ ಜೊತೆ ನಾನೂ ಹೋದೆ. ಕಂಪ್ಯೂಟರಿನ ಮುಂದೆ ಕುಳಿತ ಹುಡುಗ ಚಿಕ್ಕ ಗಾಜಿನ ಮೇಲೆ ಹೆಬ್ಬೆರಳು ಇಡಿ ಎಂದ. ಇಟ್ಟಳು. ಕೆಂಪು ದೀಪ. ಮತ್ತೆ ಇಟ್ಟಳು. ಮತ್ತೆ ಕೆಂಪು. “ಬೆರಳಚ್ಚು ಸವೆದೋಗೈತೆ ಅಕ್ಕಾ, ಬೇರೆ ಬೆರಳು ಇಡಿ” ಎಂದ. ಹಿಡಿಕೆ ಉಜ್ಜಿ ಉಜ್ಜಿ ಆಕೆಯ ಹೆಬ್ಬೆರಳೂ ತೋರುಬೆರಳೂ ಹೊಳೆಯುವಷ್ಟು ನುಣ್ಣಗಾಗಿದ್ದವು. ಕಬ್ಬಿಣದ ಕೆಲಸ ಮಾಡುತ್ತೇನೆಂದು ಬರೆಸಲು ಬಂದರೆ ಕಬ್ಬಿಣವೇ ಬೆರಳನ್ನು ಅಳಿಸಿ ಕಳಿಸಿತ್ತು. ಹೊಲ ಮಾಡುವವರಿಗೆ, ಪಾತ್ರೆ ತಿಕ್ಕುವವರಿಗೆ ರೇಷನ್ ಅಂಗಡಿಯಲ್ಲಿ ಇದೇ ಪಾಡು ಎಂದು ಸಾಲಿನಲ್ಲಿ ನಿಂತ ಹೆಂಗಸೊಬ್ಬರು ಹೇಳಿದರು. ಸೆರಗಿನಿಂದ ಒರೆಸಿ, ಬಾಯಿಯ ಹಬೆ ಬಿಟ್ಟು, ಒಂದೊಂದೇ ಬೆರಳು ಇಟ್ಟೆವು. ಎಡಗೈಯ ಉಂಗುರ ಬೆರಳಿಗೆ ಹಸಿರು ದೀಪ ಬಂತು.

“ಕಸುಬು?” ಎಂದ ಹುಡುಗ.

ನಾನು ಬಾಯಿ ತೆರೆಯುವುದರೊಳಗೆ ಆಕೆಯೇ, “ಕಮ್ಮಾರಿಕೆ” ಎಂದಳು. ಹುಡುಗ ಒಮ್ಮೆ ತಲೆಯೆತ್ತಿ ನೋಡಿ, ಒತ್ತಿದ.

ಅರ್ಜಿ ಮೊದಲು ಪುರಸಭೆಯಲ್ಲಿ, ಆಮೇಲೆ ಜಿಲ್ಲೆಯಲ್ಲಿ ಪರಿಶೀಲನೆಯಾಗಬೇಕು, ಆಮೇಲೂ ಒಂದು ಸಮಿತಿ ನೋಡಬೇಕು ಎಂದು ಹೇಳಿ ಚೀಟಿ ಕೊಟ್ಟ. ಆಕೆ ಅದನ್ನು ನಾಲ್ಕು ಮಡಿಕೆ ಮಾಡಿ ಪರ್ಸಿಗೆ ಹಾಕಿಕೊಂಡಳು. ಬಸ್ ಸ್ಟ್ಯಾಂಡಿನವರೆಗೆ ನನ್ನ ಜೊತೆ ನಡೆದು ಬಂದಳು. ಸಾಲ ಬಂದರೆ ಏನು ಮಾಡುತ್ತೀಯಮ್ಮ ಎಂದು ಕೇಳಿದೆ. ಉದ್ದ ಕೈಯ ಹೊಸ ಹಿಡಿಕೆ, ನೆಲಕ್ಕೆ ಬಿಗಿದ ದೊಡ್ಡ ವೈಸು, ನಿಂತು ಮಾಡುವಷ್ಟು ಎತ್ತರದ್ದು, ಸೊಂಟ ಬಗ್ಗಿಸಬಾರದು ಎಂದಳು. ಮೊದಲೇ ಯೋಚಿಸಿಟ್ಟ ಹಾಗಿತ್ತು. ಹಾಸನದ ಬಸ್ಸು ಬಂತು. ನಾನು ಹತ್ತಿ ಕುಳಿತ ಮೇಲೆ ಕಿಟಕಿಯ ಹತ್ತಿರ ಬಂದು, “ಮೇಡಂ, ಮೇಲ್ಗಡೆ ರೂಮಿನ ವೆಂಟಿಲೇಟರ್ದು ಅಳತೆ ಕಳ್ಸಿ. ಹನ್ನೆರಡರದ್ದಾದ್ರೆ ರೇಟು ಬೇರೆ, ಈಗ್ಲೇ ಹೇಳ್ಬುಟ್ಟಿದೀನಿ” ಎಂದಳು.